ಕಪ್ಪು ಟ್ರಂಕಿನ ಕಾಗದಗಳು: ದಂಡಿನಿಂದ ರಾಜಕೀಯಕ್ಕೆ ಬಂದವರ ಮನೆ ದಾಖಲೆ ಉಳಿಸುವ ಬಗೆ

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಇಂಥ ಟ್ರಂಕು ಈಗಲೂ ಸಿಗುತ್ತದೆ. ಕಪ್ಪು ಬಣ್ಣ ಬಳಿದ ತಗಡು, ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಹುದ್ದೆ, ಹೆಸರು, ನಂಬರು, ರೆಜಿಮೆಂಟು. ಮೇಜರೋ ಕರ್ನಲ್ಲೋ ಆಗಿ ನಿವೃತ್ತಿ ಪಡೆದವರು ಊರಿಗೆ ಬಂದು, ತೋಟ ನೋಡಿಕೊಳ್ಳುತ್ತ, ತಾಲ್ಲೂಕು ಬೋರ್ಡಿಗೋ ವಿಧಾನಸಭೆಗೋ ನಿಂತಿರುತ್ತಾರೆ. ಅವರು ತೀರಿಕೊಂಡ ಮೇಲೆ ಪದಕಗಳೂ ದೊಡ್ಡವರ ಜೊತೆ ತೆಗೆಸಿಕೊಂಡ ಫೋಟೊಗಳೂ ಗೋಡೆಗೆ ಏರುತ್ತವೆ; ಅರ್ಜಿಗಳ ಕಟ್ಟು ಹಂಡೆ ಒಲೆಗೆ ಹೋಗುತ್ತದೆ. ಈ ಲೆಕ್ಕ ಉಲ್ಟಾ. ಶೌರ್ಯ ಪದಕದ ವಿವರ ಗೆಜೆಟ್ಟಿನಲ್ಲೂ ಸಿಕ್ಕೀತು. ಹೇಮಾವತಿ ಮುಳುಗಡೆಯಲ್ಲಿ ಹೊಲ ಕಳೆದುಕೊಂಡವನು ಪೆನ್ಸಿಲಿನಲ್ಲಿ ಬರೆದುಕೊಟ್ಟ ಅರ್ಜಿ, ಭೂಸುಧಾರಣೆ ಕಾಲದಲ್ಲಿ ಗೇಣಿದಾರರು ಹಾಕಿದ ಅರ್ಜಿ ನಮೂನೆ 7ರ ನಕಲು, ಬಗರ್‌ಹುಕುಂ ತಕರಾರು, ಇವುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಕ್ಕಿಲ್ಲ.

ಕೆಲಸಕ್ಕೆ ಕಾಲ ನೋಡಿ ಕೈಹಾಕಿ. ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯದು. ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಏಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ಅದಕ್ಕಿಂತ ಮೇಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟು ಬಿಚ್ಚಲೇಬೇಡಿ.

ಮೊದಲ ದಿನ ಯಾವುದನ್ನೂ ಜೋಡಿಸಬೇಡಿ. ಮುಚ್ಚಳ ತೆಗೆದು ಮೇಲಿನಿಂದ ಫೋಟೊ, ಒಂದೊಂದು ಪದರ ಎತ್ತಿದ ಮೇಲೆ ಇನ್ನೊಂದು ಫೋಟೊ. ಯಾವ ಕಟ್ಟಿನ ಕೆಳಗೆ ಯಾವುದಿತ್ತು ಎಂಬುದೂ ಒಂದು ದಾಖಲೆಯೇ. ಚುನಾವಣಾ ಖರ್ಚಿನ ಚೀಟಿಗಳ ನಡುವೆ ದಂಡಿನ ಹಳೇ ಸಹೋದ್ಯೋಗಿಯ ಪತ್ರ ಸಿಕ್ಕಿತೆಂದರೆ, ಆ ಗೆಳೆಯ ದುಡ್ಡು ಕಳಿಸಿದ್ದನೋ ಸಲಹೆ ಕೊಟ್ಟಿದ್ದನೋ ಎಂಬ ಪ್ರಶ್ನೆ ಹುಟ್ಟುವುದು ಅದು ಅಲ್ಲೇ ಇದ್ದರೆ ಮಾತ್ರ. "ಮಿಲಿಟರಿದು ಒಂದು ಕಡೆ, ರಾಜಕೀಯದ್ದು ಒಂದು ಕಡೆ" ಎಂದು ಬೇರ್ಪಡಿಸಿದ ಕ್ಷಣ ಆ ಕೊಂಡಿ ಕಳಚುತ್ತದೆ. ಬೇರೆ ತೆಗೆಯಬೇಕಾದದ್ದು ಒಂದೇ: ಇಂದಿಗೂ ಬೇಕಾಗುವ ಕಾಗದ. ಪಿಂಚಣಿ ಆದೇಶ, ಕುಟುಂಬ ಪಿಂಚಣಿ ಪತ್ರ, ಪಹಣಿ ಇವನ್ನು ಮನೆಯ ಫೈಲಿಗೆ ಹಾಕಿ, ಇದ್ದ ಜಾಗದಲ್ಲಿ ಒಂದು ಚೀಟಿ ಇಡಿ.

ಈಗ ಶುಚಿ. ಎನ್95 ಮಾಸ್ಕ್, ಎರಡಿಂಚಿನ ಮೆತ್ತನೆ ಬ್ರಷ್, ಸೋಪಿನಲ್ಲಿ ತೊಳೆದು ಒರೆಸಿಕೊಂಡ ಕೈ ಸಾಕು. ಕೈಗವಸು ಫೋಟೊ, ನೆಗೆಟಿವ್‌ಗಳಿಗೆ ಮಾತ್ರ. ಕಾಗದ ಹಿಡಿಯುವಾಗ ಗವಸಿನಿಂದ ಅಂಚು ಹರಿಯುವುದೇ ಹೆಚ್ಚು. ಬೂಷ್ಟು ಹಸಿಯಿದ್ದಾಗ ಉಜ್ಜಿದರೆ ಒಳಗೆ ಮೆತ್ತಿಕೊಳ್ಳುತ್ತದೆ. ಮೊದಲು ನೆರಳಲ್ಲಿ, ಫ್ಯಾನು ಪಕ್ಕಕ್ಕೆ ತಿರುಗಿಸಿ, ಎರಡು ದಿನ ಒಣಗಿಸಿ. ಪುಡಿಯಾದ ಮೇಲೆ ಜಗಲಿಗೆ ಒಯ್ದು, ಮಧ್ಯದಿಂದ ಅಂಚಿಗೆ ಬ್ರಷ್ ಎಳೆಯಿರಿ. ಕಾಫಿ ಕಣದಲ್ಲಿ ಬಿಸಿಲಿಗೆ ಹರಡುವ ಆಸೆ ಎಲ್ಲರಿಗೂ ಬರುತ್ತದೆ. ಹರಡಬೇಡಿ, ಶಾಯಿ ಮಾಸುತ್ತದೆ, ಕಾಗದ ಹಪ್ಪಳವಾಗುತ್ತದೆ.

ಹುಳ ಬಿದ್ದ ಕಟ್ಟನ್ನು ಎರಡು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಡಿಸಿ ಮುಚ್ಚಿ, ಫ್ರೀಜರಿನಲ್ಲಿ -18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಕೂಡದು. ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ನೀರು ಕೂರುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಫೋಟೊಗಳಿಗೆ ಇದು ಬೇಡ. ನುಸಿಗುಳಿಗೆಯೂ ಬೇಡ, ಅದರ ಆವಿ ಮನುಷ್ಯರಿಗೂ ಒಳ್ಳೆಯದಲ್ಲ. ಬಟ್ಟೆಯಲ್ಲಿ ಕಟ್ಟಿದ ಬಜೆ ಬೇರು ಬೀರುವಿನ ಮೂಲೆಯಲ್ಲಿರಲಿ, ಕಾಗದಕ್ಕೆ ತಾಗಬಾರದು.

ತುಕ್ಕು ಹಿಡಿದ ಗುಂಡುಸೂಜಿ ಎಳೆದರೆ ಕಾಗದ ಕಿತ್ತು ಬರುತ್ತದೆ. ಹಳೇ ಒಎಚ್‌ಪಿ ಹಾಳೆಯಿಂದ (ಪ್ರೊಜೆಕ್ಟರಿಗೆ ಬಳಸುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್) ಬೆರಳಗಲದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ಸೂಜಿಯ ಮೇಲ್ಗಡೆ ಕಾಗದಕ್ಕೂ ಸೂಜಿಗೂ ನಡುವೆ, ಇನ್ನೊಂದನ್ನು ಹಿಂದೆ ತೂರಿಸಿ. ಪ್ಲಾಸ್ಟಿಕ್ ಮೇಲೆ ಸೂಜಿಯನ್ನು ಸ್ವಲ್ಪ ಆಚೀಚೆ ಜಾರಿಸಿದರೆ ತುಕ್ಕಿನ ಅಂಟು ಬಿಡುತ್ತದೆ, ಆಮೇಲೆ ತೆಗೆಯಿರಿ. ಸ್ಟೇಪಲ್ ಆದರೆ ಹಿಂದಿನ ಕಾಲು ಬಿಡಿಸಿ ಮುಂದಿನಿಂದ ಎತ್ತಿ. ಸೆಲ್ಲೋಟೇಪ್ ಹಚ್ಚಬೇಡಿ, ಹತ್ತೇ ವರ್ಷದಲ್ಲಿ ಹಳದಿ ಕಲೆ ಬಿಟ್ಟು ಉದುರುತ್ತದೆ. ಲ್ಯಾಮಿನೇಷನ್ ಅಂಗಡಿಗೆ ಕಮಿಷನ್ ಪತ್ರ (ಸೇನೆಯ ಅಧಿಕಾರಿಯಾಗಿ ನೇಮಿಸಿದ ಪತ್ರ) ಕೊಟ್ಟವರು ಅನೇಕರು; ಬಿಸಿಗೆ ಒಮ್ಮೆ ಬೆಸೆದುಕೊಂಡದ್ದು ಮತ್ತೆ ಬಿಡದು. 1990ರ ದಶಕದ ಫ್ಯಾಕ್ಸ್ ಹಾಳೆ ಕಂಡರೆ ಅಂದೇ ಸ್ಕ್ಯಾನ್ ಮಾಡಿ. ಆ ಥರ್ಮಲ್ ಕಾಗದದ ಅಕ್ಷರ ತಾನಾಗಿಯೇ ಅಳಿಯುತ್ತದೆ.

ತಾರೀಖಿಲ್ಲದ ಕಾಗದಕ್ಕೆ ವರ್ಷ ಹಚ್ಚುವುದು ಈ ಕೆಲಸದ ರುಚಿಯಾದ ಭಾಗ. ಫೌಜಿ ಪತ್ರದಲ್ಲಿ ಊರ ಹೆಸರಿರುವುದಿಲ್ಲ, "56 ಎಪಿಒ" ಅಥವಾ "99 ಎಪಿಒ" (ಸೇನಾ ಅಂಚೆ ಕಚೇರಿ) ಎಂದಷ್ಟೇ ಇರುತ್ತದೆ. 56ರ ಟಪಾಲು ದೆಹಲಿಯ ಮೂಲಕ, 99ರದು ಕೋಲ್ಕತ್ತದ ಮೂಲಕ ಹೋಗುತ್ತಿತ್ತು. ಹಾಗಾಗಿ 99 ಕಂಡರೆ ಪೂರ್ವದ ಗಡಿಯ ಕಡೆ ನೋಡಿ. ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಕವರಿನ ಮೇಲೆ ಮಾತ್ರ ಇರುವುದರಿಂದ, ಸ್ಟಾಂಪಿನ ಆಸೆಗೆ ಕವರು ಕತ್ತರಿಸಿದವರು ಪತ್ರದ ಅರ್ಧ ಜೀವ ಕತ್ತರಿಸಿದಂತೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಅದು 15 ಆಗಸ್ಟ್ 1972ರ ನಂತರದ್ದು. ಲೆಟರ್‌ಹೆಡ್‌ನಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ ಸಾಮಾನ್ಯವಾಗಿ 1 ನವೆಂಬರ್ 1973ರ ಹಿಂದಿನದು. ಆದರೂ ಹಳೇ ಪ್ಯಾಡು ಮುಗಿಯುವವರೆಗೆ ಬಳಸುತ್ತಿದ್ದರು, ಒಂದೆರಡು ವರ್ಷ ಸಡಿಲ ಬಿಡಿ. ಕರಪತ್ರವಾದರೆ ಗುರುತು ನೋಡಿ. ಕಾಂಗ್ರೆಸ್ಸಿನ ಜೋಡೆತ್ತು 1969ರ ಒಡಕಿಗೆ ಮೊದಲಿನದು, ಇಂದಿರಾ ಕಾಂಗ್ರೆಸ್ಸಿನ ಹಸು-ಕರು 1971ರಿಂದ 1977ರ ಚುನಾವಣೆಗಳದು, ಕೈ ಗುರುತು 1978ರಿಂದ ಈಚಿನದು. 1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ, ವೀರೇಂದ್ರ ಪಾಟೀಲರು ಎದುರುಬದುರಾದಾಗ ಹಂಚಿದ ಕಾಗದ ಈ ಭಾಗದ ಟ್ರಂಕುಗಳಲ್ಲಿ ಇದ್ದೀತು, ಹುಡುಕಿ. ಕರಪತ್ರದ ಅಡಿಯಲ್ಲಿ ಸಣ್ಣಕ್ಷರದ ಸಾಲೊಂದಿರುತ್ತದೆ: ಮುದ್ರಕ, ಪ್ರಕಾಶಕರ ಹೆಸರು ವಿಳಾಸ. ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಅದನ್ನು ಕಡ್ಡಾಯ ಮಾಡಿದೆ. ಅಂಚು ಚೊಕ್ಕ ಮಾಡಲು ಹೋಗಿ ಆ ಸಾಲನ್ನು ಕತ್ತರಿಸಬೇಡಿ.

ಟ್ರಂಕಿನ ನಂಬರೂ ಮಾತಾಡುತ್ತದೆ. ಐಸಿ ಎಂದು ಶುರುವಾದರೆ ಕಾಯಂ ಕಮಿಷನ್, ಎಸ್‌ಎಸ್ ಆದರೆ ಶಾರ್ಟ್ ಸರ್ವಿಸ್, ಇಸಿ ಆದರೆ 1962ರ ಚೀನಾ ಯುದ್ಧದ ನಂತರ ತೆಗೆದುಕೊಂಡ ತುರ್ತು ಕಮಿಷನ್.

ನಂಬರು ಹಾಕುವುದು 2ಬಿ ಪೆನ್ಸಿಲಿನಲ್ಲಿ, ಹಿಂಬದಿಯ ಬಲ ಮೂಲೆಯಲ್ಲಿ, ಒತ್ತದೆ: ಟ್ರಂಕು 1, ಕಟ್ಟು 3, ಹಾಳೆ 12 ಎಂದಾದರೆ 1-3-12. ಅದೇ ನಂಬರು ರಿಜಿಸ್ಟರಿನಲ್ಲಿ ಮತ್ತು ಸ್ಕ್ಯಾನ್ ಫೈಲಿನ ಹೆಸರಿನಲ್ಲೂ. ರಿಜಿಸ್ಟರಿನ ಅಂಕಣಗಳು: ನಂಬರು, ತಾರೀಖು (ಊಹೆಯಾದರೆ ಚೌಕ ಕಂಸದಲ್ಲಿ), ಯಾರಿಂದ ಯಾರಿಗೆ, ವಿಷಯ ಒಂದು ಸಾಲು, ಹಾಳೆ ಎಷ್ಟು, ಸ್ಥಿತಿ. ಪತ್ರಗಳಲ್ಲಿ "ಚಿಕ್ಕಣ್ಣ", "ದೊಡ್ಡಪ್ಪಾಜಿ", "ಮೇಲಿನಮನೆ ಗೌಡ್ರು" ಎಂದೇ ಇರುತ್ತದೆ. ಮನೆಯ ಹಿರಿಯರು ಇರುವಾಗಲೇ ಕೂರಿಸಿಕೊಂಡು ಪೂರ್ತಿ ಹೆಸರು ಬರೆಸಿಕೊಳ್ಳಿ; ಮುಂದಿನ ತಲೆಮಾರಿಗೆ ಎಲ್ಲ ದೊಡ್ಡಪ್ಪಂದಿರೂ ಒಂದೇ.

ಸ್ಕ್ಯಾನು ಟೈಪ್ ಮಾಡಿದ್ದಕ್ಕೆ 300 ಡಿಪಿಐ, ಕೈಬರಹಕ್ಕೆ 400, ಫೋಟೊಗೆ 600. ಬಣ್ಣದಲ್ಲೇ, ಎರಡೂ ಮಗ್ಗುಲು. ಹಾಳೆಯನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್ ಬೇಡ. ಮೊಬೈಲ್ ಆ್ಯಪ್ ಆದರೆ ಬಿಳುಪು ಮಾಡುವ ಫಿಲ್ಟರ್ ತೆಗೆದುಹಾಕಿ, ಅದು ಅಂಚಿನ ಪೆನ್ಸಿಲ್ ಟಿಪ್ಪಣಿಯನ್ನು ನುಂಗುತ್ತದೆ. ಪ್ರತಿ ಮೂರು ಇರಲಿ, ಒಂದು ಬೇರೆ ಊರಿನಲ್ಲಿ.

"ರಹಸ್ಯ" ಮೊಹರಿನ ಕಾಗದವೋ ಸೇನಾ ನಕ್ಷೆಯೋ ಸಿಕ್ಕರೆ ಸ್ಕ್ಯಾನೂ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಲಕೋಟೆಗೆ ಹಾಕಿ ಮುಚ್ಚಿ, ಎಲ್ಲಿಗೆ ಒಪ್ಪಿಸಬೇಕೆಂದು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ. ಇನ್ನು ಬೇರೆಯವರು ಬರೆದ ಪತ್ರ ನಿಮ್ಮ ಮನೆಯಲ್ಲಿದ್ದರೂ ಅದರ ಹಕ್ಕುಸ್ವಾಮ್ಯ ಬರೆದವರದು, ಅವರು ತೀರಿದ ಮೇಲೆ ಅವರ ವಾರಸುದಾರರದು. ಇಟ್ಟುಕೊಳ್ಳಬಹುದು, ಅಚ್ಚು ಹಾಕಿಸಲು ಕೇಳಬೇಕು.

ಕಾಗದಗಳನ್ನು ಆಮ್ಲರಹಿತ ಫೋಲ್ಡರಿನಲ್ಲಿ, ಸಿಗದಿದ್ದರೆ ಹತ್ತಿಯ ಕೈಕಾಗದದಲ್ಲಿ ಸುತ್ತಿ, ಗಂಜಿ ಹೋಗುವಂತೆ ಎರಡು ಸಲ ತೊಳೆದ ಬಿಳಿ ಖಾದಿಯಲ್ಲಿ ಕಟ್ಟಿ. ಕೆಂಪು ಬಟ್ಟೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಪತ್ರಿಕೆಯ ತುಣುಕುಗಳನ್ನು ಬೇರೆ ಕವರಿಗೆ ಹಾಕಿ, ಪಕ್ಕದ ಹಾಳೆಗೂ ಕಂದು ಹಿಡಿಸುತ್ತವೆ. ಪಿವಿಸಿ ಕವರು ಜೆರಾಕ್ಸ್ ಅಕ್ಷರವನ್ನೇ ಕಿತ್ತುಕೊಳ್ಳುತ್ತದೆ, ಪಾಲಿಪ್ರೊಪಿಲೀನ್ ಕೇಳಿ ತನ್ನಿ. ಬೀರು ಹೊರಗೋಡೆಗೆ ತಾಗದಂತೆ ನಾಲ್ಕಿಂಚು ಈಚೆ, ನೆಲದಿಂದ ಆರಿಂಚು ಮೇಲೆ ಇರಲಿ. ಅಟ್ಟಕ್ಕೆ ವಾಪಸ್ ಬೇಡ. ಸಿಲಿಕಾ ಜೆಲ್ ಬಿಗಿ ಮುಚ್ಚಳದ ಡಬ್ಬಿಯಲ್ಲಷ್ಟೇ ಕೆಲಸ ಮಾಡುತ್ತದೆ, ಸಂದಿಯಿರುವ ಬೀರುವಿನಲ್ಲಿ ಇಟ್ಟರೆ ಊರಿನ ತೇವವನ್ನೆಲ್ಲ ಹೀರಲು ಹೊರಡುತ್ತದೆ. ಕಿತ್ತಳೆ ಬಣ್ಣದ ಹರಳು ಹಸಿರಾದಾಗ 110-120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿಮಾಡಿ ಮತ್ತೆ ಬಳಸಿ. ಪ್ರತಿ ವರ್ಷ ಮೇ ಮೂರನೇ ವಾರ, ಮುಂಗಾರು ಹಿಡಿಯುವ ಮೊದಲು, ಒಂದೊಂದು ಕಟ್ಟಿನ ಮೂಲೆ ಎತ್ತಿ ಮೂಸಿ ನೋಡಿ. ಬೂಷ್ಟು ಕಣ್ಣಿಗೆ ಕಾಣುವ ಮೊದಲು ಮೂಗಿಗೆ ತಿಳಿಯುತ್ತದೆ.

ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನು ವಿಚಾರಿಸಿ. ಕೊಡುವ ಮುನ್ನ ದಾನಪತ್ರದಲ್ಲಿ ಯಾವ ಕಟ್ಟನ್ನು ಎಷ್ಟು ವರ್ಷ ಓದುಗರಿಗೆ ತೆರೆಯಬಾರದು ಎಂಬುದನ್ನು ಬರೆಸಿ; ಅರ್ಜಿದಾರರ ಮಕ್ಕಳು ಇನ್ನೂ ಅದೇ ಊರಲ್ಲಿದ್ದಾರೆ. ರಿಜಿಸ್ಟರಿನ ಪ್ರತಿ ಪುಟಕ್ಕೂ ಪತ್ರಾಗಾರದವರ ಸಹಿ ಹಾಕಿಸಿಕೊಂಡು, ಆ ಒಂದು ಪ್ರತಿಯನ್ನು ಖಾಲಿ ಟ್ರಂಕಿನಲ್ಲೇ ಇಡಿ.