ದೃಢವಾಗಿ ಹೇಳುವ ಇಂಗ್ಲಿಷ್ ಕ್ರಿಯಾಪದಗಳನ್ನು ಅರ್ಜಿಯಲ್ಲಿ ಬಳಸುವ ಬಗೆ

ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಸಲ್ಲಿಸುವ ಇಂಗ್ಲಿಷ್ ಅಫಿಡವಿಟ್ಟಿನಲ್ಲಾಗಲಿ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕಲ್ಪಿಸುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರಕ್ಕಾಗಿ ಇಂಗ್ಲಿಷಿನಲ್ಲಿ ಬರೆಯುವ ಮನವಿಯಲ್ಲಾಗಲಿ, ಎಲ್ಲ ಕಡೆಯೂ ‘ಸೇ’ ಎಂದು ಬರೆಯುವ ಬದಲು ಸಂದರ್ಭಕ್ಕೆ ತಕ್ಕ ಕ್ರಿಯಾಪದವನ್ನು ಆರಿಸಿಕೊಳ್ಳಬೇಕು. ದೇವರ ಹೆಸರಿನಲ್ಲಿ ಆಣೆ ಮಾಡುವವರು ‘ಸ್ವೇರ್’ ಎಂದೂ, ಆಣೆಯಿಲ್ಲದೆ ಸತ್ಯನಿಷ್ಠೆಯಿಂದ ದೃಢೀಕರಿಸುವವರು ‘ಅಫರ್ಮ್’ ಎಂದೂ ಬರೆಯಬೇಕು. 1969ರ ಪ್ರಮಾಣವಚನಗಳ ಕಾಯ್ದೆಯು ಎರಡಕ್ಕೂ ಅವಕಾಶ ನೀಡಿದೆ. ಹಿಂದೆ ತಿಳಿಸಿದ್ದನ್ನು ಪುನಃ ಹೇಳಲು ‘ರೀಇಟರೇಟ್’ ಸಾಕು. ಅದರ ಪಕ್ಕದಲ್ಲಿ ‘ಅಗೇನ್’ ಸೇರಿಸುವ ನಮ್ಮ ಕಡೆಯ ರೂಢಿ ಅನಗತ್ಯ.

ಹೆಚ್ಚು ಎಚ್ಚರ ಬೇಕಾದದ್ದು ಮುಂದಿನ ಮೂರರಲ್ಲಿ. ತೊಗರಿ ಬೆಳೆ ಮಳೆಗೆ ಹಾಳಾಯಿತೆಂದು ರೈತರು ‘ಅಸರ್ಟ್’ ಮಾಡಿದರು ಎಂದರೆ, ಅವರು ಖಚಿತವಾಗಿ ಹೇಳಿದರೂ ಪುರಾವೆ ಇನ್ನೂ ಮುಂದೆ ಬಂದಿಲ್ಲವೆಂಬ ಧ್ವನಿ ಅದರಲ್ಲಿರಬಹುದು. ಆದ್ದರಿಂದ ಸ್ವಂತ ಅರ್ಜಿಯಲ್ಲಿ ಅದಕ್ಕಿಂತ ‘ಸ್ಟೇಟ್’ ಮೇಲು ಎಂದು ನನ್ನ ಅಭಿಪ್ರಾಯ. ಬೇರೆಯವರು ಅಲ್ಲಗಳೆದರೂ ಮಾತಿಗೆ ಬದ್ಧರಾಗಿ ನಿಂತರೆ ‘ಮೇಂಟೇನ್’ ಸರಿ. ‘ಇನ್ಸಿಸ್ಟ್’ಗೆ ಎರಡು ಮುಖಗಳಿವೆ: ‘ಐ ಇನ್ಸಿಸ್ಟ್ ದಟ್ ಹಿ ಪೇಸ್’ ಎಂಬುದು ಸಾಮಾನ್ಯವಾಗಿ ಅವನು ಹಣ ಕೊಡುತ್ತಾನೆಂಬ ಖಚಿತ ಹೇಳಿಕೆಯಾದರೆ, ‘ಐ ಇನ್ಸಿಸ್ಟ್ ದಟ್ ಹಿ ಪೇ’ ಎಂಬುದು ಅವನು ಕೊಡಲೇಬೇಕೆಂಬ ಒತ್ತಾಯ, ಪರಿಹಾರ ಕೇಳುವವರು ಎರಡನೆಯದನ್ನು ಬರೆಯಬೇಕು.