ಆ ಸುದ್ದಿ ಬಂದಾಗ ನೀವು ಎಲ್ಲಿದ್ರಿ? ನೆನಪನ್ನು ಬರೆದಿಡುವ ಬಗೆ

ಓದುವ ಮುಂಚೆ ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ದೇಶಕ್ಕೆ ದೇಶವೇ ಬೆಚ್ಚಿಬಿದ್ದ ಯಾವುದಾದರೂ ಒಂದು ದಿನವನ್ನು ಆರಿಸಿಕೊಳ್ಳಿ. ಇಂದಿರಾ ಗಾಂಧಿ ಹತ್ಯೆ, ಭುಜ್ ಭೂಕಂಪ, 2004ರ ಸುನಾಮಿ, ಮುಂಬೈ ದಾಳಿ, ನಿಮ್ಮ ವಯಸ್ಸಿಗೆ ಹೊಂದುವುದು ಯಾವುದಾದರೂ ಸರಿ. ಸುದ್ದಿ ಕಿವಿಗೆ ಬಿದ್ದಾಗ ನೀವು ಎಲ್ಲಿದ್ದಿರಿ, ಬರೆಯಿರಿ. ಗೂಗಲ್ ಮಾಡಬೇಡಿ, ಪಕ್ಕದಲ್ಲಿರುವವರನ್ನೂ ಕೇಳಬೇಡಿ.

ಬರೆದಾಯ್ತಾ? ಕೆಳಗೆ ತಾರೀಖು ಹಾಕಿ. ಘಟನೆ ನಡೆದ ತಾರೀಖಲ್ಲ, ಇವತ್ತಿನದು. ಹತ್ತು ವರ್ಷ ಬಿಟ್ಟು ಈ ಹಾಳೆ ತೆಗೆದು ನೋಡಿದಾಗ ಮೊದಲು ಬೇಕಾಗುವುದು ಅದೇ.

ಇಷ್ಟೆಲ್ಲ ಯಾಕೆ ಬೇಕು, ಆ ದಿನ ಕಣ್ಣಿಗೆ ಕಟ್ಟಿದ ಹಾಗಿದೆಯಲ್ಲ ಅಂತೀರಾ? ಎಲ್ಲರಿಗೂ ಹಾಗೇ ಇರುತ್ತದೆ, ತೊಂದರೆ ಇರುವುದೂ ಅಲ್ಲೇ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಚೂರಾಗಿ ಏಳು ಜನ ಸತ್ತರು. ಮರುದಿನ ಬೆಳಗ್ಗೆಯೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಸುದ್ದಿ ಹೇಗೆ ಗೊತ್ತಾಯಿತು, ಆಗ ಎಲ್ಲಿದ್ದಿರಿ ಅಂತ ಬರೆಸಿ ಇಟ್ಟುಕೊಂಡರು. ಸುಮಾರು ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಒಬ್ಬ ವಿದ್ಯಾರ್ಥಿನಿ ಮೊದಲ ಸಲ, ಕ್ಲಾಸಿನಲ್ಲಿ ಕೂತಿದ್ದೆ, ಒಳಗೆ ಬಂದ ಕೆಲವರು ಮಾತಾಡಿಕೊಳ್ಳುತ್ತಿದ್ದರು ಅಂತ ಬರೆದಿದ್ದಳು. ಎರಡನೇ ಸಲ ಹಾಸ್ಟೆಲ್ ರೂಮಿನಲ್ಲಿ ಗೆಳತಿಯ ಜೊತೆ ಟಿವಿ ನೋಡುತ್ತಿದ್ದೆ, ಅದರಲ್ಲೇ ಸುದ್ದಿ ಬಂತು ಅಂದಳು. ಅದೂ ಪೂರ್ತಿ ಭರವಸೆಯಿಂದ. 44 ಜನರಲ್ಲಿ 11 ಮಂದಿಯ ಎರಡನೇ ಉತ್ತರ ಮೊದಲನೆಯದಕ್ಕೆ ಎಲ್ಲೂ ತಾಳೆಯಾಗಲಿಲ್ಲ. ಅವರದೇ ಕೈಬರಹ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ.

ಅವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪು ಎಷ್ಟು ಢಾಳಾಗಿದೆ ಅನ್ನುವುದಕ್ಕೂ ಅದು ಎಷ್ಟು ಸರಿ ಅನ್ನುವುದಕ್ಕೂ ಸಂಬಂಧ ಕಡಿಮೆ, ಅಷ್ಟೇ.

ಹಾಗಾಗಿ ನಾಳೆ ಅಂಥದ್ದೇನಾದರೂ ನಡೆದರೆ (ನಡೆಯದಿರಲಿ), ಅವತ್ತು ರಾತ್ರಿಯೇ ಬರೆಯಿರಿ. ವಾರ ಕಳೆಯಲಿ, ಮನಸ್ಸು ತಿಳಿಯಾಗಲಿ ಅಂತ ಕಾಯಬೇಡಿ. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಸಾವಿರಾರು ಅಮೆರಿಕನ್ನರ ನೆನಪನ್ನು ಹತ್ತು ವರ್ಷ ಬೆನ್ನುಹತ್ತಿ ನೋಡಿದ್ದಾರೆ. ಮರೆವು, ಬದಲಾವಣೆ ಜಾಸ್ತಿ ಆಗಿದ್ದು ಮೊದಲ ವರ್ಷದೊಳಗೇ. ಆಮೇಲೆ ಕಥೆ ಗಟ್ಟಿಯಾಗಿಬಿಡುತ್ತದೆ. ತಪ್ಪು ಸೇರಿಕೊಂಡಿದ್ದರೆ ಆ ತಪ್ಪೂ ಅದರ ಜೊತೆಗೇ ಗಟ್ಟಿಯಾಗುತ್ತದೆ. ಇನ್ನೊಂದು ವಿಷಯ, ಜನ ಜಾಗವನ್ನು ತಕ್ಕಮಟ್ಟಿಗೆ ಸರಿಯಾಗಿ ಹೇಳಿದರು, ಆದರೆ ಆವತ್ತು ತಮಗೆ ಏನನ್ನಿಸಿತ್ತು ಅನ್ನುವುದನ್ನೇ ಹೆಚ್ಚು ತಪ್ಪಾಗಿ ಹೇಳಿದರು. ಇವತ್ತಿನ ಸಿಟ್ಟನ್ನೋ ದುಃಖವನ್ನೋ ಅವತ್ತಿನದು ಅಂದುಕೊಳ್ಳುತ್ತೇವೆ. ಆದ್ದರಿಂದ ರಾತ್ರಿ ಬರೆಯಲು ಐದೇ ನಿಮಿಷ ಇದ್ದರೆ ಅದನ್ನು ಮನಸ್ಸಿನಲ್ಲಿ ಏನಾಯಿತು ಅನ್ನುವುದಕ್ಕೆ ಕೊಡಿ. ಏನೂ ಅನ್ನಿಸಲಿಲ್ಲವೇ? ಮ್ಯಾಚ್ ನಿಂತುಹೋಯಿತಲ್ಲ ಅಂತ ಬೇಜಾರಾಯಿತೇ? ಅದನ್ನೂ ಬರೆಯಿರಿ. ನಾಚಿಕೆಪಟ್ಟು ಬಿಟ್ಟರೆ ಮುಂದೆ ಅದು ಖಂಡಿತ ಸಿಗುವುದಿಲ್ಲ.

ಏನೇನು ಬರೆಯಬೇಕು ಅನ್ನುವುದಕ್ಕೆ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲೇ ದಾರಿ ಮಾಡಿಕೊಟ್ಟಿದ್ದಾರೆ. ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಂಥ ಸುದ್ದಿ ಕೇಳಿದ ಗಳಿಗೆಯ ಬಗ್ಗೆ ಜನರನ್ನು ಕೇಳಿದಾಗ ಅವರ ಉತ್ತರದಲ್ಲಿ ಆರು ಸಂಗತಿ ಮತ್ತೆ ಮತ್ತೆ ಬಂದವು: ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಯಾರು ಹೇಳಿದರು, ನನಗೆ ಹೇಗಾಯಿತು, ಉಳಿದವರು ಹೇಗಿದ್ದರು, ಮುಂದೇನಾಯಿತು. ಇಷ್ಟು ಸಾಕು. ಆದರೆ ಉತ್ತರ ಸಣ್ಣದಾಗಿ, ನಿಖರವಾಗಿ ಇರಲಿ. "ಎಲ್ಲರೂ ಆಘಾತಗೊಂಡಿದ್ದರು" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ, ಅದು ಪೇಪರಿನವರ ಮಾತು. "ಅಣ್ಣ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದವನು ಸ್ವಿಚ್ ಆರಿಸಿ ಅಲ್ಲೇ ಕೂತುಬಿಟ್ಟ, ಒಂದು ತೋಳು ಹಾಗೇ ಸುಕ್ಕುಸುಕ್ಕಾಗಿ ಉಳಿಯಿತು" ಅಂತ ಬರೆದರೆ ಓದುವವರಿಗೂ ಆ ಕೋಣೆ ಕಾಣುತ್ತದೆ. ಗಳಿಗೆ ಗಳಿಗೆಯ ವರದಿ ಬೇಡ. ಎಷ್ಟು ಜನ ಸತ್ತರು, ಯಾರು ಮಾಡಿದರು, ಅದೂ ಬೇಡ. ಅದೆಲ್ಲ ಎಲ್ಲಿ ಬೇಕಾದರೂ ಸಿಗುತ್ತದೆ.

ಈಗ ಹಳೆಯ ನೆನಪಿಗೆ ಬರೋಣ, ಮೊದಲಿಗೆ ಬರೆದಿರಲ್ಲ, ಆ ಹಾಳೆ. ಅದನ್ನು ತಿದ್ದಬೇಡಿ. ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ: ಇದು ಖಚಿತ, ಇದು ಇರಬಹುದು, ಇದು ಯಾರೋ ಹೇಳಿ ಗೊತ್ತು. ಮೂರನೆಯದು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರುತ್ತದೆ. ಆಗ ಮೂರು ವರ್ಷದ ಮಗುವಾಗಿದ್ದವರ ನೆನಪಂತೂ ಬಹುಪಾಲು ಮನೆಯವರು ಹೇಳಿದ್ದೇ ಆಗಿರುತ್ತದೆ. ಅದರಲ್ಲಿ ಅವಮಾನವೇನಿಲ್ಲ, ಹಾಗಂತ ಬರೆದರಾಯಿತು.

ಆಮೇಲೆ ತಾಳೆ ನೋಡಿ. ಮೊದಲು ವಾರ ಮತ್ತು ಗಂಟೆ. ರಾಜೀವ್ ಗಾಂಧಿ ಹತ್ಯೆಯಾಗಿದ್ದು 1991ರ ಮೇ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. "ಸಂಜೆ ಆಟ ಮುಗಿಸಿ ಬಂದಾಗ ಗೊತ್ತಾಯಿತು" ಅಂತ ಬರೆದಿದ್ದರೆ ಅದು ಮರುದಿನದ ಸಂಜೆ ಇರಬೇಕು, ಇಲ್ಲವೇ ಬೇರೆ ಸುದ್ದಿ. ಭುಜ್ ಭೂಕಂಪ 2001ರ ಜನವರಿ 26ರ ಬೆಳಗ್ಗೆ, ಗಣರಾಜ್ಯೋತ್ಸವದ ದಿನ. ಸುನಾಮಿ ಭಾನುವಾರ. ಹಾಗಾಗಿ "ಆಫೀಸಿನಲ್ಲಿ ಯಾರೋ ಓಡಿಬಂದು ಹೇಳಿದರು" ಅಂತಿದ್ದರೆ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅಷ್ಟಕ್ಕೇ ಹೊಡೆದುಹಾಕಬೇಡಿ, ಭಾನುವಾರ ಕೆಲಸ ಮಾಡುವವರೂ ಇದ್ದಾರಲ್ಲ. ಬೇರೆ ದೇಶದ ಘಟನೆಯಾದರೆ ಗಡಿಯಾರವನ್ನೂ ಬದಲಿಸಿಕೊಳ್ಳಿ. ನ್ಯೂಯಾರ್ಕಿನ ಗೋಪುರಕ್ಕೆ ಮೊದಲ ವಿಮಾನ ಬಡಿದದ್ದು ಅಲ್ಲಿ ಬೆಳಗ್ಗೆ 8.46ಕ್ಕೆ, ಭಾರತದಲ್ಲಿ ಸಂಜೆ 6.16. ಕೆನಡಿಗೆ ಗುಂಡು ತಗುಲಿದಾಗ ಡಲ್ಲಾಸ್‌ನಲ್ಲಿ ನವೆಂಬರ್ 22ರ ಮಧ್ಯಾಹ್ನ, ಇಲ್ಲಿ ಆಗಲೇ ನಡುರಾತ್ರಿ.

ಎರಡನೆಯದು, ಸುದ್ದಿ ಬಂದ ದಾರಿ. ಇಂದಿರಾ ಗಾಂಧಿಗೆ ಗುಂಡು ಹೊಡೆದದ್ದು 1984ರ ಅಕ್ಟೋಬರ್ 31ರ ಬೆಳಗ್ಗೆ. ಬಿಬಿಸಿ ಮೊದಲೇ ಸಾವಿನ ಸುದ್ದಿ ಕೊಟ್ಟಿತ್ತು, ಆಕಾಶವಾಣಿ ಹೇಳಿದ್ದು ಸಂಜೆ. ಮಧ್ಯಾಹ್ನವೇ ಗೊತ್ತಾಗಿತ್ತು ಅಂದರೆ ಸುಳ್ಳಲ್ಲ, ಆದರೆ ಬಾಯಿಂದ ಬಾಯಿಗೆ ಬಂದಿರಬೇಕು, ಇಲ್ಲವೇ ಯಾರದ್ದೋ ಮನೆಯಲ್ಲಿ ಬಿಬಿಸಿ ಹಿಡಿದಿರಬೇಕು. ಯಾರು ಹಿಡಿದಿದ್ದರು ಅಂತ ಹುಡುಕುತ್ತಾ ಹೋದರೆ ನೆನಪಿನ ಇನ್ನೊಂದು ಕೋಣೆ ತೆರೆದುಕೊಂಡರೂ ತೆರೆದುಕೊಳ್ಳಬಹುದು.

ಟಿವಿಯ ಬಗ್ಗೆ ಮಾತ್ರ ತುಂಬಾ ಎಚ್ಚರ. ನ್ಯೂಯಾರ್ಕಿನಲ್ಲಿ ಮೊದಲ ವಿಮಾನ ಬಡಿದದ್ದನ್ನು ಯಾವ ಚಾನೆಲ್ಲೂ ನೇರಪ್ರಸಾರದಲ್ಲಿ ತೋರಿಸಲಿಲ್ಲ, ನೇರವಾಗಿ ಕಂಡದ್ದು ಎರಡನೆಯದು. ಆದರೂ ಮೊದಲನೆಯದನ್ನೇ ಟಿವಿಯಲ್ಲಿ ನೋಡಿದೆ ಅಂದವರಲ್ಲಿ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಕೂಡ ಇದ್ದರು. 1992ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಸತಿ ಕಟ್ಟಡಗಳ ಮೇಲೆ ಸರಕು ವಿಮಾನ ಬಿತ್ತು. ಬೀಳುವ ಗಳಿಗೆಯನ್ನು ಯಾರೂ ಚಿತ್ರೀಕರಿಸಿರಲಿಲ್ಲ. ತಿಂಗಳುಗಳ ನಂತರ ಸಂಶೋಧಕರು ಆ ದೃಶ್ಯವನ್ನು ಟಿವಿಯಲ್ಲಿ ನೋಡಿದಿರಾ ಅಂತ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಜನ ಹೌದು ಅಂದರು!

ಈ ಪ್ರಸಂಗದಲ್ಲಿ ಇನ್ನೊಂದು ಪಾಠ ಇದೆ. ಕೇಳುವವರೇ ನೆನಪು ಹುಟ್ಟಿಸಿಬಿಡಬಹುದು. ಮನೆಯ ಹಿರಿಯರನ್ನು ಕೇಳುವಾಗ "ಅಜ್ಜಿ, ಅವತ್ತು ನೀವೆಲ್ಲ ರೇಡಿಯೋ ಮುಂದೆ ಕೂತಿದ್ರಿ, ಅಲ್ವಾ?" ಅಂದರೆ ಮುಗಿಯಿತು, ರೇಡಿಯೋ ಬಂದು ಕೂರುತ್ತದೆ. "ಅಜ್ಜಿ, ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ ಸುಮ್ನಿರಿ. ತಡವರಿಸಿದರೆ ತಡವರಿಸಲಿ. ಬಾಯಿಗೆ ಮಾತು ಹಾಕಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ತಾರೀಖು ತಪ್ಪಿದರೆ ಅಲ್ಲೇ ತಿದ್ದುವ ಚಟವನ್ನು ಬಿಡಿ. ತಿದ್ದಿಸಿಕೊಂಡವರು ಆಮೇಲೆ ಬಾಯಿ ಬಿಡುವುದಿಲ್ಲ. ನಿಮ್ಮ ಅನುಮಾನ ನಿಮ್ಮ ಪುಸ್ತಕದಲ್ಲಿರಲಿ.

ಅವತ್ತು ನಾಲ್ಕು ಜನ ಜೊತೆಗಿದ್ದಿರಿ ಅಂದರೆ ಮಾತಿಗೆ ಕೂರುವ ಮುಂಚೆ ನಾಲ್ವರೂ ಬೇರೆ ಬೇರೆ ಬರೆಯಿರಿ. ಒಟ್ಟಿಗೆ ಕೂತರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗುತ್ತದೆ. ನಾಲ್ಕು ಹಾಳೆ ನಾಲ್ಕು ಥರ ಇದ್ದರೆ ಪಂಚಾಯಿತಿ ಮಾಡಬೇಡಿ, ನಾಲ್ಕನ್ನೂ ಇಡಿ.

ಸಾಕ್ಷಿಗೆ ಹಳೆಯ ದಿನಚರಿ, ಪತ್ರ, ಟಿಕೆಟ್, ಫೋಟೋದ ಹಿಂದಿನ ಬರಹ ಎಲ್ಲವೂ ಆಗುತ್ತವೆ. ಈಚಿನ ಘಟನೆಯಾದರೆ ಫೋನಿನ ಮೆಸೇಜುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಆ ದಿನಕ್ಕೆ ಹೋಗಿ ನೋಡಿ, ಯಾರಿಗೆ ಎಷ್ಟು ಗಂಟೆಗೆ ಏನು ಕಳಿಸಿದಿರಿ ಅಂತ ಅಲ್ಲೇ ಇರುತ್ತದೆ. ಸಿಕ್ಕಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ, ಮೊದಲ ಬರಹದ ಬದಿಗೆ, ಮತ್ತೆ ತಾರೀಖು ಹಾಕಿ ಬರೆಯಿರಿ. ಮೊದಲ ಬರಹ ತಪ್ಪೇ ಆಗಿದ್ದರೂ ಉಳಿಯಲಿ. ಇಷ್ಟು ವರ್ಷ ನೀವು ನಂಬಿಕೊಂಡು ಬಂದದ್ದು ಅದನ್ನೇ, ಅದೂ ದಾಖಲೆಯೇ.

ಆ ದುರಂತದಲ್ಲಿ ನಿಮ್ಮವರನ್ನೇ ಕಳೆದುಕೊಂಡಿದ್ದರೆ ಈ ತಾಳೆ ನೋಡುವ ಕೆಲಸ ನಿಮಗಲ್ಲ. ಬರೆಯಬೇಕು ಅನ್ನಿಸಿದರೆ ಬರೆಯಿರಿ, ಕೈ ನಡುಗಿದರೆ ಬಿಡಿ. ಬೇರೆಯವರನ್ನು ಕೇಳುವಾಗಲೂ ಇದು ತಲೆಯಲ್ಲಿರಲಿ, "ಬೇಡ" ಅಂದವರನ್ನು ಇನ್ನೊಮ್ಮೆ ಕೇಳಬೇಡಿ.

ಕೊನೆಗೆ ಇಡುವ ಜಾಗ. ಫೋನಿನ ನೋಟ್ಸ್‌ನಲ್ಲಿ ಮಾತ್ರ ಇಟ್ಟರೆ ಫೋನ್ ಬದಲಾದಾಗ ಹೋಗಬಹುದು. ಕಾಗದದಲ್ಲಿ ಬರೆದು ಅದರದೊಂದು ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೆ ಕಳಿಸಿ. ಅವರ ಹಾಳೆ ನಿಮ್ಮ ಕೈಗೆ ಬಂದ ಮೇಲೆ ಕಳಿಸಿದರೆ ಇನ್ನೂ ಒಳ್ಳೆಯದು.