ಶನಿವಾರ ನಸುಕಿನ ಐಸ್ ಹಾಕಿ: ಕುಡ್ಲದಲ್ಲಿ ಕೂತು ಅಮೆರಿಕದ ಕಾಲೇಜು ಸೀಸನ್ ನೋಡುವ ಬಗೆ

ಅಮೆರಿಕದ ಪುರುಷರ ಕಾಲೇಜು ಐಸ್ ಹಾಕಿ ಸೀಸನ್ ನಮ್ಮಲ್ಲಿ ಕಂಬಳದ ಕೋಣಗಳು ಕರೆಗೆ ಇಳಿಯುವ ಮೊದಲೇ, ಅಕ್ಟೋಬರ್ ಆರಂಭದಲ್ಲಿ ಶುರುವಾಗುತ್ತದೆ. ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಎಷ್ಟೋ ಮೊದಲು, ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮುಗಿದೂ ಹೋಗುತ್ತದೆ. ರಾತ್ರಿಯಿಡೀ ಆಟ, ಕಂಬಳ ನೋಡಿ ರೂಢಿಯಿರುವ ನಮಗೆ ಹೊತ್ತು ಹೊಂದಿಸಿಕೊಳ್ಳುವುದು ಕಷ್ಟವಾಗಲಾರದು. ಹೊಸಬರು ಎಡವುವುದು ಒಂದೊಂದೇ ಪಂದ್ಯದ ಹಿಂದೆ ಬಿದ್ದು. ಇಲ್ಲಿ ವಾರಾಂತ್ಯವನ್ನೇ ಒಂದು ಇಡೀ ಆಟವೆಂದು ಹಿಡಿಯಬೇಕು. ಹೆಚ್ಚಿನ ಲೀಗುಗಳಲ್ಲಿ ಅವೇ ಎರಡು ತಂಡಗಳು ಶುಕ್ರವಾರ ರಾತ್ರಿ ಒಮ್ಮೆ, ಶನಿವಾರ ರಾತ್ರಿ ಮತ್ತೊಮ್ಮೆ ಆಡುತ್ತವೆ. ಇಸಿಎಸಿ ಲೀಗಿನಲ್ಲಿ ಮಾತ್ರ ಸಾಮಾನ್ಯವಾಗಿ ಎರಡು ರಾತ್ರಿಗೆ ಇಬ್ಬರು ಬೇರೆ ಎದುರಾಳಿಗಳು.

ಮೊದಲು ಗಡಿಯಾರ. ಅಲ್ಲಿಯ ಶುಕ್ರವಾರ ಸಂಜೆ ನಮಗೆ ಶನಿವಾರ ಬೆಳಗ್ಗೆ. ಇದನ್ನು ಮರೆತರೆ ಒಂದು ದಿನ ಮೊದಲೇ ಎದ್ದು ಕಾಯುವ ಗತಿ. ಚಳಿಗಾಲದಲ್ಲಿ ಬೋಸ್ಟನ್ ಕಡೆಯ ರಾತ್ರಿ 7 ಗಂಟೆ ಪಂದ್ಯ ಇಲ್ಲಿ ಬೆಳಗ್ಗೆ 5:30ಕ್ಕೆ, ಮಿನೆಸೋಟದ್ದು 6:30ಕ್ಕೆ, ಡೆನ್ವರಿನದ್ದು 7:30ಕ್ಕೆ. ಅಕ್ಟೋಬರಿನಲ್ಲೂ ಮಾರ್ಚ್ ಮಧ್ಯದ ನಂತರವೂ ಇವೆಲ್ಲ ಒಂದು ಗಂಟೆ ಮೊದಲು. ಅರಿಜೋನಾದವರು ಗಡಿಯಾರ ಬದಲಿಸುವುದೇ ಇಲ್ಲ, ಅಲ್ಲಿಯ 7 ಗಂಟೆ ವರ್ಷವಿಡೀ ನಮಗೆ 7:30. ಬದಲಾವಣೆ ಆಗುವುದು ನವೆಂಬರಿನ ಮೊದಲ ಭಾನುವಾರ ಮತ್ತು ಮಾರ್ಚಿನ ಎರಡನೇ ಭಾನುವಾರ, ಅಲ್ಲಿಯ ನಡುರಾತ್ರಿ 2 ಗಂಟೆಗೆ. ಆ ವಾರದ ಎರಡು ಪಂದ್ಯಗಳೂ ಹಳೆಯ ಲೆಕ್ಕದಲ್ಲೇ ನಡೆದು, ಮುಂದಿನ ವಾರ ಅಲಾರಾಂ ಕೈಕೊಡುತ್ತದೆ. ಹಾಗಾಗಿ ಮೊಬೈಲ್ ಕ್ಯಾಲೆಂಡರಿನಲ್ಲಿ ಪಂದ್ಯ ಸೇರಿಸುವಾಗ ಟೈಮ್ ಜೋನ್ ಜಾಗದಲ್ಲಿ ಆ ಊರನ್ನೇ ಹಾಕಿ. ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ತಂಡ ಒಂದೇ ಸಾಕು. ಆರು ಲೀಗು, ಅರವತ್ತಕ್ಕೂ ಹೆಚ್ಚು ಕಾಲೇಜುಗಳಿವೆ. ಎಲ್ಲವನ್ನೂ ನೋಡಹೊರಟರೆ ನವೆಂಬರಿನಲ್ಲೇ ಸುಸ್ತಾಗುತ್ತದೆ. ನಮ್ಮ ಸಲಹೆ ಡೆನ್ವರ್. 2024ರಲ್ಲಿ ಹತ್ತನೇ ಪ್ರಶಸ್ತಿ ಗೆದ್ದು ದಾಖಲೆ ಮಾಡಿದ ತಂಡ ಎನ್ನುವುದು ಒಂದು ಕಾರಣ. ತವರಿನ ಪಂದ್ಯ ಬೆಳಗ್ಗೆ ಬನ್ಸ್ ಕರಿಯುವ ಹೊತ್ತಿಗೆ ಬೀಳುತ್ತದೆ ಎನ್ನುವುದು ಇನ್ನೊಂದು, ಏಳು ತಿಂಗಳ ಮಟ್ಟಿಗೆ ಇದೇ ದೊಡ್ಡದು.

ನಿಯಮಗಳಲ್ಲಿ ಮೊದಲು ಮನಸ್ಸಿನಿಂದ ತೆಗೆಯಬೇಕಾದದ್ದು ಕ್ರಿಕೆಟ್ಟಿನ ಪವರ್ ಪ್ಲೇ. ಇಲ್ಲಿ ತಪ್ಪು ಮಾಡಿದ ಆಟಗಾರ 2 ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರುತ್ತಾನೆ, ಅಷ್ಟು ಹೊತ್ತು ಗೋಲ್‌ಕೀಪರ್ ಬಿಟ್ಟು ಎದುರಾಳಿಯ ಐವರ ಎದುರು ಅವನ ತಂಡದ ನಾಲ್ವರೇ; ಎದುರಾಳಿಗೆ ಸಿಗುವ ಈ ಅವಕಾಶವೇ ಇಲ್ಲಿನ ಪವರ್ ಪ್ಲೇ. ಆ ಸಮಯದಲ್ಲಿ ಎದುರಾಳಿ ಗೋಲು ಹೊಡೆದರೆ ಶಿಕ್ಷೆ ಅಲ್ಲಿಗೇ ಮುಗಿಯಿತು. ದೊಡ್ಡ ತಪ್ಪಿಗೆ ಕೊಡುವ 5 ನಿಮಿಷದ 'ಮೇಜರ್' ಶಿಕ್ಷೆ ಆದರೆ ಎಷ್ಟು ಗೋಲಾದರೂ ಪೂರ್ತಿ ಕೂರಲೇಬೇಕು. ಹೊಡೆದಾಡಿದವನು ಆ ಪಂದ್ಯದಿಂದ ಹೊರಗೆ, ಮುಂದಿನದ್ದಕ್ಕೂ ಇಲ್ಲ; ವೃತ್ತಿಪರ ಹಾಕಿಯ ಜಗಳ ನೋಡಿ ಬಂದವರಿಗೆ ಕಾಲೇಜು ಆಟ ಶಾಂತವಾಗಿ ಕಾಣುವುದು ಇದಕ್ಕೇ.

ಸ್ಕೋರ್ ಹಾಳೆ ಓದುವುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ವಿಡಿಯೋ ಸಿಗದ ದಿನ ನಮಗಿರುವ ಆಸರೆ ಅದೊಂದೇ. ತೆರೆಯ ಮೇಲಿನ ಗಡಿಯಾರ 20:00ರಿಂದ ಕೆಳಗಿಳಿಯುತ್ತದೆ. ಹಾಳೆಯಲ್ಲಿ ಮಾತ್ರ ಪೀರಿಯಡ್ (20 ನಿಮಿಷದ ಮೂರು ಭಾಗಗಳಲ್ಲಿ ಒಂದು) ಶುರುವಾಗಿ ಎಷ್ಟು ಹೊತ್ತಾಯಿತು ಎಂದು ಬರೆಯುತ್ತಾರೆ. ಹಾಳೆಯಲ್ಲಿ '12:40, ಟ್ರಿಪ್ಪಿಂಗ್' (ಎದುರಾಳಿಯನ್ನು ಎಡವಿಸಿ ಬೀಳಿಸಿದ ತಪ್ಪು) ಎಂದಿದ್ದರೆ ತೆರೆಯಲ್ಲಿ ಆಗ 7:20 ಇತ್ತು. ಶಿಕ್ಷೆ ಮುಗಿಯುವುದು 14:40ಕ್ಕೆ. 13:55ಕ್ಕೆ ಗೋಲು ಬಿದ್ದಿದ್ದರೆ ಅದು ಪವರ್ ಪ್ಲೇ ಗೋಲು. 14:45ಕ್ಕೆ ಬಿದ್ದರೆ ಹಾಳೆ ಅದನ್ನು ಸಾಮಾನ್ಯ ಗೋಲೆಂದೇ ಬರೆಯುತ್ತದೆ. ಆದರೆ ಬಾಕ್ಸಿನಿಂದ ಹೊರಬಿದ್ದವನು ಐದು ಸೆಕೆಂಡಿನಲ್ಲಿ ತನ್ನ ಗೋಲಿನ ಹತ್ತಿರ ತಲುಪಿರುವುದಿಲ್ಲ, ಗೋಲು ತಂದದ್ದು ಪವರ್ ಪ್ಲೇಯೇ. ಇಂಥದ್ದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ.

ಇನ್ನೂರು ಪುಟದ ನೋಟ್‌ಬುಕ್ ತೆಗೆದು ವಾರಾಂತ್ಯಕ್ಕೊಂದು ಪುಟ ಕೊಡಿ, ಎಡಕ್ಕೆ ಶುಕ್ರವಾರ, ಬಲಕ್ಕೆ ಶನಿವಾರ. ಗೋಲು, ಶಾಟ್, ಪವರ್ ಪ್ಲೇ, ಗೋಲ್‌ಕೀಪರ್ ತಡೆದದ್ದು, ಇಷ್ಟೇ ನಾಲ್ಕು ಸಾಲು. 30 ಶಾಟಿನಲ್ಲಿ 27 ತಡೆದರೆ ಸೇವ್ ಪರ್ಸೆಂಟೇಜ್ 0.900; ಸೀಸನ್ ಪೂರ್ತಿ 0.920ರ ಮೇಲಿರುವವನು ಒಳ್ಳೆಯ ಕೀಪರ್. ಶುಕ್ರವಾರ ನಿಮ್ಮ ತಂಡ 38 ಶಾಟ್ ಹೊಡೆದು ಸೋತಿತೋ, ಬೇಸರ ಬೇಡ, ಬಲಬದಿ ತುಂಬುವ ತನಕ ತೀರ್ಪು ಬರೆಯಬೇಡಿ. ಐದು ಪವರ್ ಪ್ಲೇಯಲ್ಲಿ ಒಂದೂ ಗೋಲಾಗದಿದ್ದರೆ ಶನಿವಾರ ಕೋಚ್ ಯಾರನ್ನು ಬದಲಿಸಿದರು ಎಂದು ನೋಡಿ.

ನಿದ್ದೆ ತಡೆಯದಿದ್ದರೆ ಎರಡನೇ ಪೀರಿಯಡ್‌ಗಾದರೂ ಏಳಿ. ಆಗ ತಂಡಗಳು ಬದಿ ಬದಲಿಸುವುದರಿಂದ ತಮ್ಮ ಬೆಂಚು ರಕ್ಷಣೆಯ ಕಡೆಯಿಂದ ದೂರವಾಗುತ್ತದೆ. ಒಬ್ಬ ಆಟಗಾರ ಒಮ್ಮೆ ಇಳಿದರೆ ಮುಕ್ಕಾಲು ನಿಮಿಷದೊಳಗೆ ಹೊರಬರಬೇಕು. ದಣಿದವರು ಬೆಂಚಿಗೆ ಮುಟ್ಟಲಾಗದೆ ಸಿಕ್ಕಿಬೀಳುವುದು, ಗೋಲು ಬಿಡುವುದು ಈ ಪೀರಿಯಡ್‌ನಲ್ಲೇ. ಕೊನೆಯ ಮೂರು ನಿಮಿಷವನ್ನಂತೂ ಬಿಡಲೇಬೇಡಿ. ಹಿಂದಿರುವ ತಂಡ ಗೋಲ್‌ಕೀಪರನ್ನೇ ಹೊರಗೆ ಕರೆದು ಆರನೇ ದಾಳಿಗಾರನನ್ನು ಇಳಿಸುತ್ತದೆ. 2023ರ ಫೈನಲ್‌ನಲ್ಲಿ ಮಿನೆಸೋಟ ಎದುರು ಕ್ವಿನಿಪಿಯಾಕ್ ಹೀಗೆಯೇ ಮಾಡಿ 2:47 ಬಾಕಿ ಇರುವಾಗ 2–2 ಮಾಡಿತು, ಓವರ್‌ಟೈಮ್ ಶುರುವಾದ ಹತ್ತೇ ಸೆಕೆಂಡಿಗೆ ಗೆದ್ದಿತು. ಚಹಾ ಬಿಸಿಮಾಡಲು ಒಳಹೋದವರಿಗೆ ಆ ಗೋಲು ಸಿಕ್ಕಿರದು.

ಡಿಸೆಂಬರ್ ಮಧ್ಯದಲ್ಲಿ ಪರೀಕ್ಷೆಗೆಂದು ಆಟ ನಿಲ್ಲುತ್ತದೆ. ಕ್ರಿಸ್‌ಮಸ್ ಬೆನ್ನಿಗೆ ಇಪ್ಪತ್ತರೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಬಂದು ಒಳ್ಳೆಯ ಹುಡುಗರು ದೇಶದ ತಂಡಕ್ಕೆ ಹೋಗಿರುತ್ತಾರೆ. ಆ ವಾರಗಳ ಫಲಿತಾಂಶವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಫೆಬ್ರವರಿಯ ಮೊದಲ ಎರಡು ಸೋಮವಾರ ಬೋಸ್ಟನ್ನಿನ ನಾಲ್ಕು ಕಾಲೇಜುಗಳ ಬೀನ್‌ಪಾಟ್ ಟೂರ್ನಿ. ನಮಗೆ ಅದು ಮಂಗಳವಾರ ಬೆಳಗ್ಗೆ.

ಜನವರಿಯಿಂದ ರ‍್ಯಾಂಕಿಂಗ್ ಗಮನಿಸಿ, ಆದರೆ ಸರಿಯಾದದ್ದನ್ನು. ವಾರವಾರ ಮತದಿಂದ ಬರುವ ಪಟ್ಟಿಗೆ ಆಯ್ಕೆಯಲ್ಲಿ ಬೆಲೆಯಿಲ್ಲ. ರಾಷ್ಟ್ರೀಯ ಟೂರ್ನಿಯ 16 ಸ್ಥಾನಗಳಲ್ಲಿ ಆರು ಲೀಗ್ ಟೂರ್ನಿಗಳ ವಿಜೇತರಿಗೆ, ಹತ್ತು ಲೆಕ್ಕದ ಆಧಾರದಲ್ಲಿ. ಆ ಲೆಕ್ಕ 2025–26ರಿಂದ ಎನ್‌ಪಿಐ, ಅಂದರೆ ಪಂದ್ಯಗಳ ಫಲಿತಾಂಶ ಮತ್ತು ಎದುರಾಳಿಯ ಬಲ ನೋಡಿ ತಂಡಕ್ಕೆ ಅಂಕ ಕೊಡುವ ಸೂತ್ರ. ಹಿಂದಿದ್ದ ಪೇರ್‌ವೈಸ್ ಎಂಬ ಲೆಕ್ಕ ಈಗಿಲ್ಲ, ಹಳೆಯ ವಿವರಣೆ ಓದಿ ಗೊಂದಲ ಮಾಡಿಕೊಳ್ಳಬೇಡಿ. ಓವರ್‌ಟೈಮಿನ ಗೆಲುವಿಗೆ ಇದರಲ್ಲಿ ತೂಕ ಕಡಿಮೆ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಅಂಥ ಗೆಲುವಿಗೆ ಬೇರೆ ಗುರುತು ಬೇಕು.

ಮಾರ್ಚ್ ಕೊನೆಯಲ್ಲಿ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಸುತ್ತು, ಸೋತವರು ಮನೆಗೆ. ಉಳಿದ ನಾಲ್ವರದು ಏಪ್ರಿಲಿನ ಫ್ರೋಜನ್ ಫೋರ್, ಗುರುವಾರ ಸೆಮಿಫೈನಲ್, ಶನಿವಾರ ಫೈನಲ್. ಮೊದಲ ಸೆಮಿ ಬೋಸ್ಟನ್ ಲೆಕ್ಕದಲ್ಲಿ ಸಂಜೆ 5ಕ್ಕಿದ್ದರೆ ಇಲ್ಲಿ ಶುಕ್ರವಾರ ನಸುಕಿನ 2:30. ಆ ಬೆಳಗ್ಗೆ ಅರ್ಧ ದಿನ ರಜೆ ಹಾಕಿ. ಮಾಮೂಲಿ ಪಂದ್ಯದ ಓವರ್‌ಟೈಮ್ ಮೂವರ ಎದುರು ಮೂವರಂತೆ 5 ನಿಮಿಷ, ಈ ಟೂರ್ನಿಯಲ್ಲಿ ಐವರ ಎದುರು ಐವರು, ಗೋಲಾಗುವ ತನಕ 20 ನಿಮಿಷದ ಪೀರಿಯಡ್ ಮೇಲೆ ಪೀರಿಯಡ್. 2025ರಲ್ಲಿ ವೆಸ್ಟರ್ನ್ ಮಿಷಿಗನ್ ಎರಡನೇ ಓವರ್‌ಟೈಮಿನಲ್ಲಿ ಡೆನ್ವರನ್ನು 3–2ರಿಂದ ಮಣಿಸಿ, ಫೈನಲಿನಲ್ಲಿ ಬೋಸ್ಟನ್ ಯೂನಿವರ್ಸಿಟಿಯನ್ನು 6–2ರಿಂದ ಸೋಲಿಸಿ ಮೊದಲ ಪ್ರಶಸ್ತಿ ಪಡೆಯಿತು.

ಫೈನಲ್ ಮುಗಿದ ವಾರವೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮ ತಂಡದ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಓದು ಮುಗಿಸಿದವರು, ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನ ಕ್ಲಬ್ಬಿಗೆ ಸಹಿ ಹಾಕಿದವರು, ಬೇರೆ ಕಾಲೇಜಿಗೆ ವರ್ಗವಾದವರು, ಒಬ್ಬೊಬ್ಬರನ್ನೇ ಹೊಡೆದುಹಾಕಿ. ಕೆನಡಾದ ಮೇಜರ್ ಜೂನಿಯರ್ ಎಂಬ ಯುವ ಆಟಗಾರರ ಲೀಗುಗಳಿಂದ ಬರುವವರಿಗೆ 2025–26ರಿಂದ ಕಾಲೇಜು ಹಾಕಿಯ ಬಾಗಿಲು ತೆರೆದಿದೆ, ಹೊಸ ಹೆಸರುಗಳನ್ನು ಸೇರಿಸಲು ಕೆಳಗೆ ಹತ್ತು ಸಾಲು ಖಾಲಿ ಬಿಡಿ.